ಓಕ್ ಮರದ ಅಸಲಿ ಚಿತ್ರ

ಪೆಟ್ಟಿಗೆ ತೆರೆದ ಸ್ಮಿತಾ ಒಳಗಿದ್ದ ಚಿತ್ರವನ್ನು ಎತ್ತಿ ಕಣ್ಣ ಹತ್ತಿರ ಹಿಡಿದಳು. ಇಂಗ್ಲೆಂಡಿನ ಯಾವನೋ ಜಮೀನ್ದಾರ ನೂರೆಂಬತ್ತು ವರ್ಷಗಳ ಹಿಂದೆ ಉಪ್ಪು, ಬೆಳ್ಳಿಯ ದ್ರಾವಣ ಸವರಿದ ಕಾಗದದ ಮೇಲೆ ಮೂಡಿಸಿದ್ದ ತನ್ನ ಎಸ್ಟೇಟಿನ ಓಕ್ ಮರದ ಫೋಟೊ ಅದು. ಮೊದಲು ನೋಡಿದಾಗ ಕೊಂಬೆ ಕೊಂಬೆಯೂ ಕಾಫಿ ಬಣ್ಣದಲ್ಲಿ ಎದ್ದು ಕಾಣುತ್ತಿತ್ತು. ಈಗ ನೋಡಿದರೆ ನೀರು ಬೆರೆಸಿದ ಚಹಾ. ಯಾರೋ ನಕಲು ಇಟ್ಟು ಅಸಲಿಯನ್ನು ಹಾರಿಸಿದ್ದಾರೆಂದು ಅವಳು ನಿಂತಲ್ಲೇ ತೀರ್ಮಾನಿಸಿಬಿಟ್ಟಳು.

ಅವಳು ಕೆಲಸ ಮಾಡುತ್ತಿದ್ದ, ಅಮೆರಿಕದ ಪ್ರಿನ್ಸ್‌ಟನ್ನಿನ ಖಾಸಗಿ ಸಂಗ್ರಹದಲ್ಲಿ ಪೆಟ್ಟಿಗೆಯ ಬೀಗದಕೈ ಇದ್ದದ್ದು ಇಬ್ಬರ ಬಳಿ. ಒಬ್ಬಳು ಅವಳೇ. ಇನ್ನೊಬ್ಬರು ಅಮರೇಶ್ವರ ಅಂಕಲ್. ಕೊಪ್ಪಳದ ಕಡೆಯವರು, ಇಪ್ಪತ್ತು ವರ್ಷಗಳಿಂದ ಅಲ್ಲಿ ಹಳೆಯ ಫೋಟೊ ದುರಸ್ತಿ ಮಾಡುವವರು, ಅವಳಿಗೆ ಕೆಲಸ ಕಲಿಸಿದವರು, ದಿನಾ ಬ್ರಿಡ್ಜ್‌ವಾಟರಿನಿಂದ ತಮ್ಮ ಕಾರಿನಲ್ಲೇ ಕರೆತರುವವರು. ಹೋದ ವರ್ಷ ಅದೇ ಉಪ್ಪು, ಅದೇ ಬೆಳ್ಳಿಯಲ್ಲಿ ಮೇಪಲ್ ಮರದ ಚಿತ್ರವೊಂದನ್ನು ಮಾಡಿಯೂ ತೋರಿಸಿದ್ದರು!

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಅವರು ಬೇಗ ಬಂದರೂ ಅನುಮಾನ, ಬಾಗಿಲು ಮುಚ್ಚಿಕೊಂಡರೂ ಅನುಮಾನ. ಮರುದಿನ ಕಾರಿನಲ್ಲಿ, "ಓಕ್ ಮರ ನೋಡಿದ್ರಾ ಅಂಕಲ್?" ಎಂದು ಕೆಣಕಿದಳು.

"ಈಗ ಅದರ ಮಾತು ಬ್ಯಾಡ ಬಿಡವ್ವಾ," ಎಂದು ಅವರು ರೇಡಿಯೊ ಜೋರು ಮಾಡಿದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಲ್ಲ ಎಂದುಕೊಂಡಳು ಸ್ಮಿತಾ. ದೂರು ಕೊಟ್ಟರೆ ಅವರ ಕೆಲಸ, ಇಪ್ಪತ್ತು ವರ್ಷದ ಹೆಸರು ಎರಡೂ ಮಣ್ಣುಪಾಲು ಎಂಬುದು ಗೊತ್ತಿತ್ತು. ಆದರೂ ಆಫೀಸು ಸೇರಿದವಳೇ ಡೈರೆಕ್ಟರಿಗೆ ಇಮೇಲ್ ಕಳಿಸಿದಳು. ಹೆಸರು ಸಮೇತ.

ಮಧ್ಯಾಹ್ನ ಮೂವರೂ ಮೇಜಿನ ಸುತ್ತ ನಿಂತರು. ಅಮರೇಶ್ವರ ಚಿತ್ರದ ಸುತ್ತ ಕೂಡಿಸಿದ್ದ ರಟ್ಟನ್ನು ಮೆಲ್ಲಗೆ ಎತ್ತಿದರು. ರಟ್ಟಿನಡಿ ಮರೆಯಾಗಿದ್ದ ಬೆರಳಗಲದ ಅಂಚಿನಲ್ಲಿ ಕೊಂಬೆಗಳ ತುದಿ ಅದೇ ಕಾಫಿ ಬಣ್ಣದಲ್ಲಿತ್ತು. ಚಿತ್ರ ಅಸಲಿಯೇ. ಬಿಸಿಲಿಗೆ ಮಾಸಿತ್ತು, ಅಷ್ಟೆ.

ಬಿಸಿಲಿಗೆ ಇಟ್ಟವರು ಯಾರು ಎಂದು ಡೈರೆಕ್ಟರ್ ಕೇಳಿದರು. ಸ್ಮಿತಾಳಿಗೆ ಆಗ ನೆನಪಾಯಿತು. ಅತಿಥಿಗಳು ಬಂದಾಗ ಚೆನ್ನಾಗಿ ಕಾಣಲೆಂದು ಅದನ್ನು ಕಿಟಕಿಯ ಪಕ್ಕ ಇಟ್ಟು, ಮೂರು ವಾರ ಮರೆತವಳು ಅವಳೇ. ಅಲ್ಲಿಂದ ತಂದು ಪೆಟ್ಟಿಗೆಗೆ ಸೇರಿಸಿದವರು ಅಮರೇಶ್ವರ.

"ಮೈ ಮಿಸ್ಟೇಕ್," ಎಂದರು ಅಮರೇಶ್ವರ. "ಐ ಶುಡ್ ಹ್ಯಾವ್ ಚೆಕ್ಡ್."

ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಅವಳಿಗೆ. ಸಂಜೆ ಅವರ ಮೇಜಿನ ಬಳಿ ಹೋಗಿ, "ತಪ್ಪಾಯ್ತು ಅಂಕಲ್," ಎಂದು ಅತ್ತೇಬಿಟ್ಟಳು.

ಅವರು ಸಿಟ್ಟಾಗಲಿಲ್ಲ. ತಮ್ಮ ಬ್ಯಾಗಿನ ಜಿಪ್ ಎಳೆದು, ಖಾಲಿ ಡಬ್ಬಿ, ಸ್ವೆಟರು, ಔಷಧದ ಶೀಶೆ ಒಂದೊಂದಾಗಿ ಅವಳ ಮುಂದೆ ತೆಗೆದಿಟ್ಟರು.

"ನೋಡ್ಕೊಳ್ರಿ ಮೇಡಂ," ಎಂದರು. "ಆಮ್ಯಾಲೆ ನಾ ಮನಿಗೆ ಹೋಗ್ತೀನಿ."