ಮೂರನೆಯ ಸಲ ಮುಟ್ಟಬಾರದು

ಕುದುರೆಗೆ ಲಾಳ ಕಟ್ಟುವುದರಲ್ಲಿ ಮಾವನದು ಎತ್ತಿದ ಕೈ. ಅವರ ಕಟ್ಟಳೆಯೂ ಅಷ್ಟೇ ಬಿಗಿ: ಕುದುರೆ ಎರಡು ಸಲ ಕಾಲು ಕಿತ್ತುಕೊಂಡರೆ, ಕಾಲು ಹಿಡಿದಿದ್ದ ಕೈ ಅಂದು ಮೂರನೆಯ ಸಲ ಅದನ್ನು ಮುಟ್ಟಬಾರದು. "ಮನುಷ್ಯರ ಹತ್ರ ಬೆಣ್ಣೆ ಹಚ್ಚಿ ಮಾತಾಡಬಹುದು. ಕುದುರೆ ಹತ್ರ ನಡೆಯಲ್ಲ. ಉಸಿರು ಬಿಗಿಯಾದ್ರೆ ಸಾಕು, ನಿನ್ನೊಳಗೇನಿದೆ ಅಂತ ಅದಕ್ಕೆ ಗೊತ್ತಾಗುತ್ತೆ" ಎನ್ನುತ್ತಿದ್ದರು. ಇದನ್ನೇ ಹೇಳಿ, ಕೆಲಸ ಕಲಿಯಲು ಬಂದ ನಾಲ್ವರನ್ನು ಮನೆಗೆ ಅಟ್ಟಿದ್ದರು. ಉಳಿದವಳು ಸೊಸೆ ಒಬ್ಬಳೇ. ಆರು ವರ್ಷದಿಂದ ಗೊರಸು ಉಜ್ಜಿದ್ದಳು, ಲಾಳ ಕಾಯಿಸಿದ್ದಳು, ಸತ್ತ ಕುದುರೆಯ ಗೊರಸಿಗೆ ಮೊಳೆ ಹೊಡೆದು ಕೈ ಪಳಗಿಸಿಕೊಂಡಿದ್ದಳು. ಜೀವಂತ ಕುದುರೆಯ ಕಾಲಿಗೆ ಸುತ್ತಿಗೆ ಎತ್ತಲು ಮಾತ್ರ ಮಾವ ಬಿಟ್ಟಿರಲಿಲ್ಲ. ತನಗೆ ಬರುತ್ತದೆ ಎಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಹೋದ ತಿಂಗಳು ಸವಾರಿ ಶಾಲೆಯ ಬಿಳಿ ಹೆಣ್ಣುಕುದುರೆಗೆ ಮಾವ ಹೊಡೆದ ಮೊಳೆ ಗೊರಸಿನೊಳಗಿನ ಮಾಂಸಕ್ಕೆ ತಾಗಿತ್ತು. ಅದು ಹದಿನೈದು ದಿನ ಕುಂಟಿತು. "ಇನ್ನೊಂದ್ ಸಲ ಹೀಗಾದ್ರೆ ಬೇರೆಯವರನ್ನ ನೋಡ್ಕೋತೀನಿ" ಎಂದು ಶಾಲೆಯ ಯಜಮಾನಿ ಮುಖಕ್ಕೆ ಹೊಡೆದಂತೆ ಹೇಳಿದ್ದಳು. ಮಾವನ ಕಣ್ಣು ಮಂಜಾಗಿದೆ ಎಂದು ಸೊಸೆಗೆ ಗೊತ್ತು. ಮಾವನಿಗೂ ಗೊತ್ತು, ಆದರೆ ಒಪ್ಪಬೇಕಲ್ಲ!

ಇಂದು ಶಾಲೆಯ ಲಾಯದಲ್ಲಿ ಮತ್ತೆ ಅದೇ ಕುದುರೆ. ಮಾವ ಅದರ ಕಾಲೆತ್ತಿ ತೊಡೆಗಳ ನಡುವೆ ಇಟ್ಟುಕೊಂಡರು. ಕುದುರೆ ಕಿತ್ತುಕೊಂಡಿತು.

"ನೊಣ," ಎಂದರು.

ಮತ್ತೆ ಎತ್ತಿದರು. ಮತ್ತೆ ಕಿತ್ತುಕೊಂಡಿತು.

"ಈ ನೆಲ ಸಮ ಇಲ್ಲ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗಾದೆ ಸೊಸೆಯ ನಾಲಗೆಯ ತುದಿಗೇ ಬಂದಿತ್ತು, ಮಾವನ ಬಾಗಿದ ಬೆನ್ನು ನೋಡಿ ನುಂಗಿಕೊಂಡಳು. ಯಜಮಾನಿ ಬಾಗಿಲಲ್ಲೇ ನಿಂತಿದ್ದಾಳೆ. ಅವಳೆದುರು ಬಾಯಿಬಿಟ್ಟರೆ ಮಾವನ ಮಾನ ಹೋಗುತ್ತದೆ, ಬಿಡದಿದ್ದರೆ ಕುದುರೆಯ ಕಾಲು ಹೋಗುತ್ತದೆ. ಮಾವ ಮೂರನೆಯ ಸಲ ಕೈ ಚಾಚಿದರು.

"ಮಾವ, ಎರಡಾಯ್ತು," ಎಂದಳು ಮೆಲ್ಲಗೆ. "ನೀವು ಉಸಿರು ಹಿಡ್ಕೊಂಡಿದ್ದೀರಿ."

ಮಾವ ಚಾಚಿದ ಕೈ ಹಿಂದೆಗೆದರು. ಆಮೇಲೆ ನೀಳವಾಗಿ ಉಸಿರು ಬಿಟ್ಟು, ಸುತ್ತಿಗೆಯ ಹಿಡಿಯನ್ನು ಅವಳ ಕಡೆಗೆ ತಿರುಗಿಸಿ ಕೊಟ್ಟರು. ಹೋಗಿ ಕುದುರೆಯ ತಲೆಯ ಬಳಿ ನಿಂತರು.

ಅವಳು ಮೆಲ್ಲಗೆ ತಟ್ಟಿ ಕಾಲು ಕೇಳಿದಳು, ಕುದುರೆ ಎತ್ತಿ ಕೊಟ್ಟಿತು. ಮೊಳೆಗಳು ಒಂದೊಂದಾಗಿ ಇಳಿದವು. ಕೆಲಸ ಮುಗಿಸಿ ತಲೆಯೆತ್ತಿದರೆ, ಕುದುರೆ ಮಾವನ ಹೆಗಲಿಗೆ ಗದ್ದವೂರಿ ತೂಕಡಿಸುತ್ತಿತ್ತು. ಅವಳಿಗೆ ಸುತ್ತಿಗೆ ಸಿಕ್ಕಿದ್ದಕ್ಕಿಂತ ಅದನ್ನು ನೋಡಿಯೇ ಹೆಚ್ಚು ಸಂತೋಷವಾಯಿತು.

ಯಜಮಾನಿ ಕುದುರೆಯನ್ನು ಎರಡು ಸುತ್ತು ನಡೆಸಿ ನೋಡಿದಳು. ಹೆಜ್ಜೆ ಸರಿಯಾಗಿತ್ತು.

"ಮುಂದಿನ ತಿಂಗಳು ಯಾರು ಬರ್ತೀರಿ?"

"ಇಬ್ಬರೂ ಬರ್ತೀವಿ," ಎಂದರು ಮಾವ. "ಸುತ್ತಿಗೆ ಇವಳ ಕೈಲಿರುತ್ತೆ. ತಲೆ ಹತ್ರ ನಿಲ್ಲೋಕೆ ನನಗೆ ಕಣ್ಣು ಬೇಕಾಗಿಲ್ಲ."