ಕರೆಂಟ್ ಹೋದಾಗ ಕ್ಯೂಬಾ

ಪರಮಾನಂದ ಮಾಸ್ತರರು ಮಹಾಲಿಂಗಪುರದ ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ಇತಿಹಾಸ ಕಲಿಸಿ, ನಿವೃತ್ತರಾಗಿ ಬನಹಟ್ಟಿಯ ಮನೆಗೆ ಮರಳಿದಾಗ ಅವರ ಹತ್ತಿರ ಎರಡು ಆಸ್ತಿಗಳಿದ್ದವು. ಒಂದು ಪಿಂಚಣಿ, ಇನ್ನೊಂದು ಕ್ಯೂಬಾ. ಪಿಂಚಣಿಯ ಮೇಲೆ ಮನೆಮಂದಿಗೆಲ್ಲ ಪ್ರೀತಿಯಿತ್ತು. ಕ್ಯೂಬಾ ಮಾತ್ರ ಯಾರಿಗೂ ಬೇಡವಾಗಿತ್ತು.

‘ಕ್ಯೂಬಾ: ನಾಡು, ಜನ, ಸಂಸ್ಕೃತಿ, ಇತಿಹಾಸ.’ ಹನ್ನೊಂದು ವರ್ಷ ಕೂತು ಬರೆದದ್ದು, ನಾನೂರ ಹನ್ನೆರಡು ಪುಟ, ಎಲ್ಲವೂ ಕೈಬರಹ. ಮಾಸ್ತರರು ಮಿರಜ ದಾಟಿ ಆಚೆ ಹೋದವರಲ್ಲ. ಆದರೆ ಊರ ಸುತ್ತಲಿನ ಕಬ್ಬಿನ ಗದ್ದೆಗಳನ್ನು ನೋಡುತ್ತ ಬೆಳೆದವರಿಗೆ, ಕಬ್ಬಿಗಾಗಿಯೇ ಇಷ್ಟು ರಕ್ತ ಸುರಿಸಿದ ಇನ್ನೊಂದು ನಾಡು ಇದೆ ಎಂದು ಓದಿದ ದಿನದಿಂದ ಅದರ ಹುಚ್ಚು ಹಿಡಿದಿತ್ತು. ಪ್ರಕಾಶಕರೊಬ್ಬರು ಹಸ್ತಪ್ರತಿ ತೂಗಿ ನೋಡಿ, “ಅಡುಗೆ ಪುಸ್ತಕ ಏನಾದ್ರೂ ಬರೆದೀರೇನು?” ಎಂದು ಕೇಳಿ ಕಳಿಸಿದ್ದರು. ಹೆಂಡತಿ ಮುತ್ತವ್ವನಿಗೆ ಓದಿ ಹೇಳಿದರೆ ಆಕೆ ಸೊಪ್ಪು ಸೋಸುತ್ತ “ಹೂಂ” ಅನ್ನುತ್ತಿದ್ದಳು. ಕೇಳುತ್ತಿದ್ದಾಳೋ ಇಲ್ಲವೋ ಎಂದು ಪರೀಕ್ಷಿಸಲು ಮಾಸ್ತರರು ಒಮ್ಮೆ, “ಆಮೇಲೆ ಇಡೀ ಕ್ಯೂಬಾ ಸಮುದ್ರದಲ್ಲಿ ಮುಳುಗಿತು” ಎಂದು ಓದಿದರು.

“ಹೂಂ, ಛಲೋ ಆತು ಬಿಡ್ರಿ,” ಅಂದಳು ಮುತ್ತವ್ವ.

ಒಂದೇ ಒಂದು ಜೀವ ತನ್ನ ಪುಸ್ತಕವನ್ನು ಕೊನೆಯವರೆಗೂ ಕೇಳಬೇಕು. ಮಾಸ್ತರರಿಗೆ ಉಳಿದಿದ್ದ ಆಸೆ ಇದೊಂದೇ. ಅದಕ್ಕೆ ದಾರಿಯೂ ಅವರ ಪುಸ್ತಕದಲ್ಲೇ ಸಿಕ್ಕಿತು. ಕ್ಯೂಬಾದ ರಾಜಧಾನಿ ಹವಾನಾದ ಚುರುಟು ಕಾರ್ಖಾನೆಗಳಲ್ಲಿ ನೂರೈವತ್ತು ವರ್ಷಗಳಿಂದ ಒಂದು ಪದ್ಧತಿಯಿದೆ. ಕೆಲಸದವರು ತಂಬಾಕಿನ ಎಲೆ ಸುತ್ತುತ್ತ ಕೂತಿರುತ್ತಾರೆ, ಎತ್ತರದ ಕುರ್ಚಿಯ ಮೇಲೆ ಓದುಗನೊಬ್ಬ ಕೂತು ಪತ್ರಿಕೆ, ಕಾದಂಬರಿ ಓದಿ ಹೇಳುತ್ತಾನೆ. ಏನು ಓದಬೇಕೆಂದು ಕೈ ಎತ್ತಿ ತೀರ್ಮಾನಿಸುವವರು ಕೆಲಸದವರೇ. ಹವಾನಾದಲ್ಲಿ ನಡೆಯುವುದು ಬನಹಟ್ಟಿಯಲ್ಲಿ ಯಾಕೆ ನಡೆಯಬಾರದು?

ಹಳೆಯ ಶಿಷ್ಯ ಅಣ್ಣಾಸಾಹೇಬನಿಗೆ ಹದಿನಾರು ಪಾವರ್‌ಲೂಮ್ ಮಗ್ಗಗಳ ಶೆಡ್ ಇತ್ತು. “ಓದ್ರಿ ಸರ್, ಯಾರ ಬ್ಯಾಡ ಅಂತಾರ?” ಎಂದ ಆತ. ಹಾಗನ್ನುವಾಗ ಯಾಕೆ ನಕ್ಕನೆಂದು ಮಾಸ್ತರರಿಗೆ ತಿಳಿಯಲಿಲ್ಲ. ಚುರುಟು ಸುತ್ತುವ ಕೆಲಸಕ್ಕೆ ಸದ್ದಿಲ್ಲ, ಮಗ್ಗಕ್ಕಿದೆ. ಈ ಸಣ್ಣ ಸಂಗತಿ ಮಗ್ಗದ ಸದ್ದಿನಲ್ಲೇ ತೊಟ್ಟಿಲಾಡಿ ಬೆಳೆದ ಮನುಷ್ಯನಿಗೆ ಹೊಳೆದಿರಲಿಲ್ಲ.

ಸ್ಟೂಲಿನ ಮೇಲೆ ಕೂತು ಓದಲು ಶುರುಮಾಡಿದರು. ತಮ್ಮ ದನಿ ತಮಗೇ ಕೇಳಲಿಲ್ಲ. ಏರಿಸಿದರು, ಕುತ್ತಿಗೆಯ ನರ ಉಬ್ಬುವಷ್ಟು ಏರಿಸಿದರು. ಅಷ್ಟರಲ್ಲಿ ಕರೆಂಟ್ ಹೋಯಿತು. ಹದಿನಾರು ಮಗ್ಗಗಳೂ ಒಮ್ಮೆಲೇ ನಿಂತವು. ಆ ನಿಶ್ಶಬ್ದದಲ್ಲಿ ಮಾಸ್ತರರು ಕೊಲೆಯಾಗುತ್ತಿರುವವರಂತೆ ಚೀರಿದರು: “ವಾರ್ಷಿಕ ಸರಾಸರಿ ಮಳೆ ಸಾವಿರದ ಮುನ್ನೂರು ಮಿಲಿಮೀಟರ್!”

ಎಲ್ಲರೂ ಎದ್ದು ನಿಂತರು. ಎರಡು ಮಗ್ಗ ನಡೆಸುವ ಕೆಂಪವ್ವ ಹತ್ತಿರ ಬಂದಳು. “ಯಾಕ್ರೀ ಮಾಸ್ತರ, ಯಾರರೆ ತೀರಕೊಂಡ್ರೇನು?”

ಕರೆಂಟ್ ಬರುವವರೆಗೆ ಹೇಗೂ ಕೆಲಸವಿಲ್ಲ. ಮಾಸ್ತರರು ಹವಾನಾದ ಪದ್ಧತಿಯನ್ನು ವಿವರಿಸಿದರು. ಆಯ್ಕೆಯ ಹಕ್ಕು ಕೇಳುವವರದು ಎಂಬುದನ್ನು ಮುಚ್ಚಿಡಬಹುದಿತ್ತು, ಆದರೆ ಪ್ರಾಮಾಣಿಕತೆ ಅಡ್ಡ ಬಂತು. ತಕ್ಷಣ ಕೈಗಳು ಮೇಲೆದ್ದವು. ಮಳೆ, ಮಣ್ಣು, ಖನಿಜ, ನದಿಗಳು ಎಂದು ಮೊದಲ ನಾಲ್ಕು ಅಧ್ಯಾಯಗಳು ಸರ್ವಾನುಮತದಿಂದ ಹಾರಿಹೋದವು. ಮಾಸ್ತರರ ನಾಲ್ಕು ವರ್ಷದ ಬೆವರು ಅದು.

“ಮಂದಿ ಬರೂದು ಎಲ್ಲಿಂದ ಅದ? ಅಲ್ಲಿಂದ ಓದ್ರಿ,” ಅಂದಳು ಕೆಂಪವ್ವ.

ಹೀಗೆ ಬನಹಟ್ಟಿಯಲ್ಲಿ ಕ್ಯೂಬಾ ಕರೆಂಟ್ ಹೋದಾಗ ಮಾತ್ರ ನಡೆಯತೊಡಗಿತು. ಆಫ್ರಿಕಾದಿಂದ ಹಡಗಿನಲ್ಲಿ ತುಂಬಿ ತಂದ ಮನುಷ್ಯರು, ಕಬ್ಬಿನ ಸುಗ್ಗಿಯಲ್ಲಿ ನಿದ್ದೆಯಿಲ್ಲದೆ ತೂಕಡಿಸಿ ಗಾಣದಲ್ಲಿ ಕೈ ಕಳೆದುಕೊಂಡವರು, ಹೊತ್ತು ಮೂಡುವ ಮುಂಚೆ ಅವರನ್ನು ಎಬ್ಬಿಸುವ ಗಂಟೆ. ಓಣಿಯಲ್ಲಿ ಬೇರೆಯವರೆಲ್ಲ ವಿದ್ಯುತ್ ಇಲಾಖೆಗೆ ಬೈಯುವಾಗ ಅಣ್ಣಾಸಾಹೇಬನ ಶೆಡ್ಡಿನಲ್ಲಿ “ಹೋತು! ಮಾಸ್ತರನ ಕರೀರಿ!” ಎಂಬ ಕೂಗು ಏಳುತ್ತಿತ್ತು. ಮಾಸ್ತರರು ಬಾಯಲ್ಲಿ ರೊಟ್ಟಿಯಿದ್ದರೂ ಹಸ್ತಪ್ರತಿ ಎತ್ತಿಕೊಂಡು ಓಡುತ್ತಿದ್ದರು. ಮುತ್ತವ್ವ ಬಾಗಿಲಲ್ಲಿ ನಿಂತು, “ಬೆಂಕಿ ನಂದಿಸಾಕ ಹೊಂಟಾರ,” ಎಂದು ನೆರೆಯವರಿಗೆ ಹೇಳುತ್ತಿದ್ದಳು.

ಏಳನೆಯ ಅಧ್ಯಾಯ ಬಂತು. ೧೮೬೮ರ ಅಕ್ಟೋಬರ್ ಹತ್ತು. ಸಕ್ಕರೆ ಗಾಣದ ಮಾಲೀಕನೊಬ್ಬ ಗುಲಾಮರ ಗಂಟೆಯನ್ನು ಬಾರಿಸಿದ. ಎಲ್ಲರೂ ಕಬ್ಬಿಗೆ ಹೊರಡಲು ಅಂಗಳದಲ್ಲಿ ಸೇರಿದರು. ಮಾಲೀಕ ಅವರ ಮುಂದೆ ನಿಂತು ಹೇಳಿದ...

ಕರೆಂಟ್ ಬಂತು.

ಬಂದದ್ದು ಹೋಗಲೇ ಇಲ್ಲ. ಊರಿಗೆ ಹೊಸ ಲೈನ್ ಎಳೆದಿದ್ದರು. ಬನಹಟ್ಟಿಯ ಮಗ್ಗದ ಮಾಲೀಕರು ಪೇಢೆ ಹಂಚಿದರು. ಮಾಸ್ತರರು ಹನ್ನೆರಡು ದಿನ ಸ್ಟೂಲಿನ ಮೇಲೆ ಕೂತು ಬಲ್ಬನ್ನೇ ದುರುಗುಟ್ಟಿ ನೋಡಿದರು. ಅದು ಮಿಣುಕಲೂ ಇಲ್ಲ. ಹದಿಮೂರನೆಯ ದಿನ ನಾಚಿಕೆ ಬಿಟ್ಟು ಲೈನ್‌ಮನ್ ಬಾಳೇಶನ ಮುಂದೆ ಹೋಗಿ ನಿಂತರು.

“ಒಂದ ಅರ್ಧ ತಾಸು ತಗದ್ರ ಸಾಕಪಾ.”

ಬಾಳೇಶ ಅವರ ಹಣೆ ಮುಟ್ಟಿ ನೋಡಿದ. “ಸರ್, ಇಪ್ಪತ್ತ ವರ್ಷ ಕರೆಂಟ್ ಕೊಡ ಕೊಡ ಅಂತ ಬೈಸ್ಕೊಂಡೇನಿ. ತಗಿ ಅಂದವ್ರು ನೀವ ಮೊದಲನೇದವ್ರು. ಮನಿಗೆ ಹೋಗಿ ಮಕ್ಕೋರಿ.”

ಮಾಸ್ತರರು ಪೆಚ್ಚುಮೋರೆ ಹಾಕಿಕೊಂಡು ಶೆಡ್ಡಿಗೆ ಬಂದು ಹಸ್ತಪ್ರತಿಯನ್ನು ಚೀಲಕ್ಕೆ ತುಂಬಿದರು. ಎದೆ ನಿಜವಾಗಿಯೂ ನೋಯುತ್ತಿತ್ತು. ಕೂಲಿಯವರಿಗೆ ಕೆಲಸ ಸಿಕ್ಕಿದ್ದಕ್ಕೆ ತಾನು ದುಃಖಪಡುತ್ತಿದ್ದೇನಲ್ಲ ಎಂದು ತಮ್ಮ ಮೇಲೆಯೇ ಅಸಹ್ಯವೂ ಆಯಿತು. ಬಾಗಿಲ ಹತ್ತಿರ ಹೋದಾಗ ಹಿಂದೆ ಸದ್ದು ಸ್ವಲ್ಪ ಕಡಿಮೆಯಾದಂತಾಯಿತು.

ಕೆಂಪವ್ವ ತನ್ನ ಎರಡೂ ಮಗ್ಗ ನಿಲ್ಲಿಸಿದ್ದಳು. ಸೀರೆಯ ಲೆಕ್ಕದಲ್ಲಿ ಕೂಲಿ ಪಡೆಯುವ ಹೆಂಗಸು, ಕರೆಂಟ್ ಇರುವಾಗ, ಅರ್ಧ ನೇಯ್ದ ಸೀರೆ ಮುಂದಿಟ್ಟುಕೊಂಡು.

“ಅಂಗಳದಾಗ ನಿಂತ ಮಂದಿನ್ನ ಹಂಗ ಬಿಟ್ಟ ಎಲ್ಲಿಗೆ ಹೊಂಟ್ರಿ?” ಕೂಗಿದಳು. “ಹನ್ನೆರಡ ದಿನ ಆತು, ಬಿಸಲಾಗ ನಿಂತಾರ ಪಾಪ. ಮಾಲಕ ಏನಂದಾ?”

ಪಕ್ಕದ ತುಕಾರಾಮ ತನ್ನ ಮಗ್ಗ ನಿಲ್ಲಿಸಿದ. ಆಮೇಲೆ ಒಂದರ ಹಿಂದೊಂದು ಎಲ್ಲವೂ ನಿಂತವು. ಮಾಸ್ತರರು ಚೀಲದಿಂದ ಹಸ್ತಪ್ರತಿ ತೆಗೆದು ಪುಟ ತೆರೆದರು. “ಇಂದಿನಿಂದ ನೀವೆಲ್ಲ ನನ್ನಷ್ಟೇ ಸ್ವತಂತ್ರರು ಎಂದ.”

ಬನಹಟ್ಟಿಯ ಮಾಲೀಕರು ಸದ್ದಿಗೆ ಹೆದರುವುದಿಲ್ಲ, ಸದ್ದು ನಿಂತರೆ ಹೆದರುತ್ತಾರೆ. ಅಣ್ಣಾಸಾಹೇಬ ಓಡಿಬಂದ. ಕೆಲಸದವರೆಲ್ಲ ಒಟ್ಟಿಗೆ ಅವನ ಕಡೆ ತಿರುಗಿ ನೋಡಿದರು.

“ನನ್ನ ಯಾಕ ಹಂಗ ನೋಡಾಕತ್ತೀರಿ?” ಎಂದ ಗಾಬರಿಯಾಗಿ. ಸಂಗತಿ ತಿಳಿದ ಮೇಲೆ ಕೇಳಿದ, “ಆ ಮಾಲಕಂದು ಮುಂದ ಏನಾತ್ರಿ ಸರ್?”

“ಸರಕಾರದ ದಂಡು ಬಂದು ಗಾಣ ಹಾಳ ಮಾಡ್ತು. ಮಗನ್ನ ಕೊಂದ್ರು. ಕಡೀಕೆ ಅವನೂ ಸತ್ತ.”

“ಕೇಳಿದ್ರೇನ್ಲೇ!” ಎಂದ ಅಣ್ಣಾಸಾಹೇಬ ಗೆದ್ದವನಂತೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ಕೆಂಪವ್ವ ಇನ್ನೂ ಆ ಗಾಣದ ಅಂಗಳದಲ್ಲೇ ಇದ್ದಳು. “ಮಾಸ್ತರ, ಅವತ್ತ ಮಧ್ಯಾಹ್ನ ಅಷ್ಟೂ ಮಂದಿಗೆ ಅಡಗಿ ಯಾರ ಮಾಡಿದ್ರು? ಅಡಗಿ ಮಾಡೂ ಹೆಂಗಸ್ರಿಗೂ ಬಿಡುಗಡಿ ಆತಲ್ಲ.”

ಮಾಸ್ತರರು ಪುಟ ತಿರುಗಿಸಿದರು. ಹಿಂದೆ ಹೋದರು, ಮುಂದೆ ಹೋದರು. ಗಂಟೆಯ ವಿಚಾರವಿತ್ತು, ಬಾವುಟದ ಬಣ್ಣವಿತ್ತು, ಹಾರಿಸಿಬಿಟ್ಟ ಮಳೆಯ ಅಂಕಿಯೂ ಇತ್ತು. ಅಡುಗೆಯವರಿರಲಿಲ್ಲ. ಮೂವತ್ತೆರಡು ವರ್ಷದಲ್ಲಿ ತರಗತಿಯೊಳಗೆ ಒಮ್ಮೆಯೂ ಆಡದ ಮಾತು ಅವರ ಬಾಯಿಂದ ಬಂತು.

“ನನಗ ಗೊತ್ತಿಲ್ಲ ಕೆಂಪವ್ವಾ.”

“ಹಂಗಾರ ಹುಡಕ್ರಿ,” ಎಂದು ಆಕೆ ಮಗ್ಗ ಚಾಲೂ ಮಾಡಿದಳು. “ಸೋಮವಾರ ಕೇಳ್ತೇನಿ.”

ಸದ್ದು ಮತ್ತೆ ಶೆಡ್ ತುಂಬಿತು. ಮಾಸ್ತರರು ಸ್ಟೂಲಿನ ಮೇಲೆ ಕೂತು, ಕೊನೆಯ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದ ‘ಮುಗಿಯಿತು’ ಎಂಬುದನ್ನು ಹೊಡೆದುಹಾಕಿದರು. ಹನ್ನೊಂದು ವರ್ಷದಲ್ಲಿ ಅವರಿಗೆ ಇಷ್ಟು ಸಂತೋಷ ಎಂದೂ ಆಗಿರಲಿಲ್ಲ.