ಅಣ್ಣನ ಗಿರಾಕಿಗಳು

ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ತಮ್ಮ, ಸತ್ತ ಅಣ್ಣನ ಬೆರಳುಗಳನ್ನು ಒಂದೊಂದಾಗಿ ಉಜ್ಜುತ್ತಿದ್ದ. ಉಗುರಿನ ಸಂದಿಯ ಗ್ರೀಸಿನ ಕಪ್ಪು ಬಿಡುತ್ತಿರಲಿಲ್ಲ.

"ಬಿಡಪ್ಪ, ಬದುಕಿದ್ದಾಗ್ಲೇ ಹೋಗ್ಲಿಲ್ಲ," ಎಂದರು ಅತ್ತಿಗೆ.

ಅಂಗಳ ತುಂಬಿಹೋಗಿತ್ತು. ಅಣ್ಣನ ಗಿರಾಕಿಗಳು ಇಷ್ಟು ಜನ ಬರುತ್ತಾರೆಂದು ತಮ್ಮ ಎಣಿಸಿರಲಿಲ್ಲ. ಹಳೆಯ ಡೀಸೆಲ್ ಕಾರುಗಳನ್ನು ಊರೊಳಗೆ ಬಿಡುವುದಿಲ್ಲವಾದ್ದರಿಂದ ಎಲ್ಲರೂ ಹೊರವರ್ತುಲ ರಸ್ತೆಯಲ್ಲಿ ಗಾಡಿ ನಿಲ್ಲಿಸಿ, ಬಿಸಿಲಲ್ಲಿ ನಡೆದೇ ಬಂದಿದ್ದರು.

"ಕಾರನ್ನ ಗುಜರಿಗೆ ಹಾಕು ಅಂತ ಮಕ್ಕಳು ಗಂಟುಬಿದ್ದಿದ್ರು," ಎಂದ ಟ್ಯಾಕ್ಸಿ ಓಡಿಸುತ್ತಿದ್ದ ಮುದುಕ. "ಇವನು ಬಾನೆಟ್ ಮೇಲೆ ಕೈ ಇಟ್ಟು, 'ಇನ್ನೂ ಉಸಿರಿದೆ ತಾತ, ನಡಿ' ಅಂದ. ಇನ್ಮೇಲೆ ಯಾರ ಹತ್ರ ಹೋಗ್ಲಿ?"

"ನನ್ನ ಶೆಡ್ಡಿಗೆ ಬನ್ನಿ," ಎಂದ ತಮ್ಮ.

ಮುದುಕ ಅವನ ಇಸ್ತ್ರಿ ಅಂಗಿಯನ್ನೊಮ್ಮೆ ನೋಡಿದ. "ನಿಮ್ದು ಬ್ಯಾಟರಿ ಕಾರಿನ ಶೆಡ್ಡಲ್ವಾ ಸಾರ್," ಎಂದು ಆಚೆ ಸರಿದ.

ಸಾರ್ ಎಂಬುದು ಚುಚ್ಚಿತು. ಅಣ್ಣನನ್ನು ಅವರೆಲ್ಲ ಮನೆಯ ಹುಡುಗನಂತೆ ಏಕವಚನದಲ್ಲೇ ಕರೆಯುತ್ತಿದ್ದರು.

*

ಒಂದು ಕಾಲಕ್ಕೆ ರಿಪೇರಿ ಶೆಡ್ಡು ಇಬ್ಬರದೂ ಆಗಿತ್ತು. ಹೊಗೆಯ ಮಿತಿ ಬಿಗಿಯಾಗುತ್ತ ಹೋದಂತೆ, ಹೊಗೆ ಶುದ್ಧಮಾಡುವ ಸಲಕರಣೆಯ ಖರ್ಚು ಗಿಟ್ಟದೆ, ಕಂಪನಿಗಳು ಸಣ್ಣ ಕಾರುಗಳಿಗೆ ಡೀಸೆಲ್ ಎಂಜಿನ್ ಮಾಡುವುದನ್ನೇ ಬಿಡತೊಡಗಿದವು.

"ಡೀಸೆಲ್ ಕಾಲ ಮುಗೀತಣ್ಣ. ಬ್ಯಾಟರಿ ಕೆಲಸ ಕಲಿಯೋಣ."

"ಇರೋ ಗಾಡಿಗಳನ್ನ ಯಾರು ನೋಡ್ಕೋತಾರೆ? ನೀನು ಹೋಗು."

ತಮ್ಮ ಹೋದ, ಬೆಳೆದ. ಗಾಜಿನ ಬಾಗಿಲು, ಶೆಡ್ಡಿನ ತುಂಬ ಕೆಲಸಗಾರರು. ಗಿರಾಕಿಗಳು ಫೋನ್ ನೋಡುತ್ತ ಕಾದು, ಕಾರು ತೆಗೆದುಕೊಂಡು ಹೋಗುತ್ತಿದ್ದರು; ಅವನ ಹೆಸರು ಯಾರಿಗೂ ಬೇಕಿರಲಿಲ್ಲ. ಅಣ್ಣನ ಶೆಡ್ಡಿನ ಮುಂದೆ ಹಾಯುವಾಗಲೆಲ್ಲ ಒಳಗಿನ ನಗು ಕೇಳಿ ಅವನ ಹೊಟ್ಟೆ ಉರಿಯುತ್ತಿತ್ತು. ಊರೊಳಗೆ ಹಳೆಯ ಡೀಸೆಲ್ ಕಾರು ನಿಷೇಧವಾದ ದಿನ ಅವನು ಸಿಹಿ ಹಂಚಿದ್ದ. ಮಾರನೆಯ ದಿನದಿಂದ ಗಿರಾಕಿಗಳು ರಿಪೇರಿಗೆ ಅಣ್ಣನನ್ನೇ ಊರಾಚೆ ಕರೆಸಿಕೊಳ್ಳತೊಡಗಿದರು.

*

"ನಿಮ್ಮಣ್ಣನಿಗೆ ಒಂದೇ ಕೊರಗು," ಅತ್ತಿಗೆ ದನಿ ತಗ್ಗಿಸಿದರು. "ಆಗಾಗ ನಿನ್ನ ಶೆಡ್ಡಿನ ಎದುರು ನಿಂತು ನೋಡ್ಕೊಂಡು ಬರೋರು. ಅವತ್ತು ಊಟ ಸೇರ್ತಿರ್ಲಿಲ್ಲ. 'ನನ್ನ ಕೆಲಸ ನನ್ನ ಜೊತೇಲೇ ಸಾಯುತ್ತೆ ಕಣೇ, ಅವನದು ಬೆಳೆಯುತ್ತೆ' ಅನ್ನೋರು. ಸ್ವಂತ ತಮ್ಮನ ಮೇಲೆ ಹೊಟ್ಟೆಕಿಚ್ಚು, ನೋಡು."

ತಮ್ಮನ ಕೈಯ ಬಟ್ಟೆ ನಿಂತಿತು.

"ಹೊತ್ತಾಯ್ತು, ಹೆಗಲು ಕೊಡು ಬಾರಯ್ಯ," ಎಂದು ಅಂಗಳದಿಂದ ಯಾರೋ ಕೂಗಿದರು.

ಅವನು ಏಳಲಿಲ್ಲ. ಅತ್ತಿಗೆಯ ಕಡೆಗೆ ಬಾಗಿ, ಯಾರಿಗೂ ಕೇಳದಂತೆ ಪಿಸುಗುಟ್ಟಿದ:

"ನನ್ನ ಬಗ್ಗೆ ಇನ್ನೇನೇನು ಅಂತಿದ್ದ, ಅತ್ತಿಗೆ?"